ಕುದುರೆ ಕೂದಲಿನ ಗೆರೆ ಮಡಕೆ ಮೇಲೆ ನಿಲ್ಲುತ್ತಿಲ್ಲ: ಶಾಖದ ತಪ್ಪೋ, ಮೇಲ್ಮೈಯ ತಪ್ಪೋ?

ಬೋಗುಣಿ (ದಾವಣಗೆರೆ)

ಕಾದ ಮಡಕೆಯ ಮೇಲೆ ಕುದುರೆ ಕೂದಲು ಇಟ್ಟು ಕಪ್ಪು ಗೆರೆ ಮೂಡಿಸುವ ಕೆಲಸದ ಬಗ್ಗೆ ಗೊತ್ತಿದ್ದವರು ಹೇಳಿ. ವಿವರ ಹೀಗಿದೆ. 14 ಸೆಂ.ಮೀ. ಎತ್ತರದ 6 ಕುಡಿಕೆ, ತಿಗರಿಯಲ್ಲಿ ಮಾಡಿದ್ದು. ಕೆರೆಮಣ್ಣು, ಮೇಲೆ ಬಿಳಿ ಜೇಡಿಯ ಲೇಪ. ಮೊದಲ ಸುಡುವಿಕೆ 1040 ಡಿಗ್ರಿ. ಆಮೇಲೆ ಗ್ಯಾಸ್ ಗೂಡಿನಲ್ಲಿ 700ಕ್ಕೆ ಕಾಯಿಸಿ, ಇಕ್ಕಳದಿಂದ ತೆಗೆದು ಕೂದಲು ಇಟ್ಟಿದ್ದು. 3 ಕುಡಿಕೆಯಲ್ಲಿ ಗೆರೆ ಬರೀ ಬೂದು ಬಣ್ಣ, ಒರೆಸಿದರೆ ಏನೂ ಉಳಿಯಲಿಲ್ಲ. 2ರಲ್ಲಿ ಅಂಟಂಟಾದ ಕಪ್ಪು, ಅದೂ ಒರೆಸಿದಾಗ ಹೋಯಿತು. ಇನ್ನೊಂದು ತಳದಲ್ಲಿ ಸೀಳು ಬಿಟ್ಟಿತು. ಕೂದಲು ಬದಲಿಸಬೇಕಾ?

ಇಕ್ಕಳ (ಚಿತ್ರದುರ್ಗ)

ಕೂದಲಿನ ತಪ್ಪೇನೂ ಇಲ್ಲ. ಈ ಕೆಲಸದಲ್ಲಿ ಕೂದಲಿನ ಪಾಲು ತೀರಾ ಕಡಿಮೆ. ಮೇಲ್ಮೈ ಎಷ್ಟು ನುಣುಪು, ಎಷ್ಟು ಇಂಗಾಲ ಕುಡಿಯುತ್ತದೆ, ಕೂದಲು ಮುಟ್ಟುವ ಹೊತ್ತಿಗೆ ಮಡಕೆ ಎಷ್ಟು ಬಿಸಿ ಇದೆ, ಎಲ್ಲ ನಿಂತಿರುವುದು ಇದರ ಮೇಲೆ.

ನಿಮ್ಮ ಮೂರು ತೊಂದರೆಗೂ ಕಾರಣ ಬೇರೆ ಬೇರೆ. ಬೂದು ಗೆರೆ ಬಂದ ಮೂರು ಕುಡಿಕೆ ಇನ್ನೂ ತೀರಾ ಕಾದಿದ್ದವು. 600ಕ್ಕಿಂತ ಮೇಲಿದ್ದರೆ ಕೂದಲು ಮುಟ್ಟಿದ ಕೂಡಲೇ ಭಗ್ಗನೆ ಉರಿಯುತ್ತದೆ. ಅದು ಬಿಡಬೇಕಾದ ಇಂಗಾಲವೂ ಗಾಳಿಯಲ್ಲೇ ಸುಟ್ಟುಹೋಗಿ ಬೂದಿಯ ನೆರಳಷ್ಟೇ ಉಳಿಯುತ್ತದೆ. ಅಂಟಂಟಾದ ಎರಡರಲ್ಲಿ ಹೊತ್ತು ಮೀರಿತ್ತು. 350ರ ಕೆಳಗೆ ಕೂದಲು ಪೂರ್ತಿ ಇದ್ದಿಲಾಗದೆ ಡಾಂಬರಿನ ಹಾಗೆ ಮೇಲೇ ಕೂರುತ್ತದೆ, ಮಣ್ಣಿನ ಒಳಗೆ ಇಳಿಯುವುದಿಲ್ಲ. ಹದ ಇರುವುದು ಸುಮಾರು 540ರಿಂದ 400ರವರೆಗೆ. 6 ಮಿ.ಮೀ. ದಪ್ಪದ ಸಣ್ಣ ಕುಡಿಕೆ ಈ ಹದದಲ್ಲಿ ಇರುವುದೇ ಎರಡು ಮೂರು ನಿಮಿಷ.

ಜೊತೆಗೆ 1040 ಬಹಳ ಜಾಸ್ತಿಯಾಯಿತು. ಅಷ್ಟು ಸುಟ್ಟರೆ ಲೇಪದ ಹೊಳಪು ಸಾಯುತ್ತದೆ, ರಂಧ್ರಗಳೂ ಬಿಗಿಯುತ್ತವೆ. ಇಂಗಾಲಕ್ಕೆ ಹಿಡಿದು ಕೂರಲು ಜಾಗ ಬೇಕಲ್ಲ. 900ರಿಂದ 940 ಸಾಕು.

ಬೋಗುಣಿ (ದಾವಣಗೆರೆ)

ಪೈರೋಮೀಟರ್ ಗೂಡಿನ ಒಳಗಿನ ಶಾಖ ತೋರಿಸುತ್ತದೆ ಸರ್. ಹೊರಗೆ ತೆಗೆದ ಮೇಲೆ ಮಡಕೆಯ ಶಾಖ ತಿಳಿಯುವುದು ಹೇಗೆ?

ಇಕ್ಕಳ (ಚಿತ್ರದುರ್ಗ)

ಕಣ್ಣಿನಿಂದಲೇ ತಿಳಿಯುತ್ತದೆ. ನೆರಳಿರುವ ಕಡೆ ಇಟ್ಟು ನೋಡಿ. ಮಂದ ಕೆಂಪು ಕಾಣುತ್ತಿರುವಷ್ಟು ಹೊತ್ತು ಮುಟ್ಟಬೇಡಿ. ಕೆಂಪು ಆರಿ ಮಡಕೆ ತನ್ನ ಬಿಳಿ ಬಣ್ಣಕ್ಕೆ ಬಂದ ಮೇಲೆ ಹತ್ತು ಹದಿನೈದು ಸೆಕೆಂಡು ತಡೆದು, ಪಾದದ ಹತ್ತಿರ, ಯಾರಿಗೂ ಕಾಣದ ಕಡೆ ಒಂದೇ ಒಂದು ಕೂದಲು ಮುಟ್ಟಿಸಿ.

ಆ ಒಂದು ಕೂದಲನ್ನು ಸರಿಯಾಗಿ ಗಮನಿಸಿ. ತುದಿಗೆ ಜ್ವಾಲೆ ಬಂದು ಕೂದಲೇ ಮಾಯವಾದರೆ ಇನ್ನೂ ಬಿಸಿ ಜಾಸ್ತಿ. ಹದ ಬಂದಿದ್ದರೆ ಕೂದಲು ಮುಟ್ಟಿದ ಕಡೆಯಿಂದ ಬಿಸಿಲಿಗೆ ಬಿದ್ದ ಎರೆಹುಳದ ಹಾಗೆ ನುಲಿಯುತ್ತದೆ, ಚಿರ್ ಎಂದು ಸಣ್ಣ ಸದ್ದು, ಅದರ ಕೆಳಗೇ ಕಡುಕಪ್ಪು ಗೆರೆ ಓಡುತ್ತದೆ, ಗೆರೆಯ ಎರಡೂ ಬದಿಗೆ ಕಾಡಿಗೆ ಸವರಿದಂಥ ತೆಳು ಹೊಗೆ ನೆರಳು ಹರಡುತ್ತದೆ. ಇಟ್ಟ ಕೂದಲು ಸ್ವಲ್ಪ ಮುದುಡಿ ಹಾಗೇ ಮಲಗಿದರೆ ಹೊತ್ತು ಮೀರಿದೆ ಎಂದರ್ಥ, ಅವತ್ತು ಆ ಮಡಕೆಗೆ ಇನ್ನು ಕೂದಲು ಇಡಬೇಡಿ.

ಹದದ ಒಳಗೂ ವ್ಯತ್ಯಾಸ ಉಂಟು. 520ರ ಹತ್ತಿರ ಗೆರೆ ಸಣ್ಣ, ಚೂಪು. 420ರ ಹತ್ತಿರ ಗೆರೆ ದಪ್ಪ, ಹೊಗೆ ನೆರಳು ಜಾಸ್ತಿ. ಆದ್ದರಿಂದ ಸೂಕ್ಷ್ಮ ಗೆರೆ ಎಲ್ಲಿ ಬೇಕೋ ಅಲ್ಲಿಂದ ಶುರು ಮಾಡಿ, ದಪ್ಪ ಗೆರೆಗಳನ್ನು ಕೊನೆಗೆ ಇಡಿ.

ತುಂಗಭದ್ರೆಯ ಕಲ್ಲು (ಹರಿಹರ)

ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಂಡರೂ ಆಗುತ್ತದೆ, ಆದರೆ ಕಡಿಮೆ ಬೆಲೆಯವು 380ಕ್ಕೇ ನಿಲ್ಲುತ್ತವೆ. ಕೊಳ್ಳುವಾಗ ಎಷ್ಟರವರೆಗೆ ಅಳೆಯುತ್ತದೆ ಅಂತ ನೋಡ್ರಿ, 600 ದಾಟಬೇಕು. ಮತ್ತೆ ಅದು ಮೇಲ್ಮೈ ಶಾಖ ಮಾತ್ರ ಹೇಳುತ್ತದೆ. ಗಾಳಿ ಬೀಸುವ ಕಡೆ 430 ತೋರಿಸಿದ ಮಡಕೆ ಹಿಂದುಗಡೆ 500 ಇರುತ್ತದೆ.

ಗಾಳಿ ಅಂದೆನಲ್ಲ, ನಮ್ಮ ಭಾಗದಲ್ಲಿ ಅದೇ ದೊಡ್ಡ ವೈರಿ. ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಬಯಲಲ್ಲಿ ಈ ಕೆಲಸ ಇಟ್ಟುಕೊಳ್ಳಲೇಬೇಡ್ರಿ. ಕೂದಲು ಹಾರುತ್ತದೆ, ಹೊಗೆ ನೆರಳು ಒಂದೇ ಕಡೆಗೆ ಎಳೆಯುತ್ತದೆ, ಒಂದು ಬದಿ ಬೇಗ ಆರಿ ಮಡಕೆಯೂ ಸೀಳುತ್ತದೆ. ಬೆಳಗ್ಗೆ 6ರಿಂದ 8ರ ಒಳಗೆ, ಮೂರು ಕಡೆ ತಗಡು ನಿಲ್ಲಿಸಿ ಮಾಡ್ರಿ. ಮೇಲೆ ಮುಚ್ಚಬಾರದು, ಕೂದಲು ಸುಟ್ಟ ಹೊಗೆ ಹೋಗಲು ದಾರಿ ಬೇಕು. ಕೂದಲಲ್ಲಿ ಗಂಧಕ ಇರುವುದರಿಂದ ಆ ವಾಸನೆ ಕೋಣೆಯೊಳಗೆ ತಡೆಯಲು ಆಗುವುದಿಲ್ಲ.

ಕೆರೆಯಂಗಳ (ಜಗಳೂರು)

ತಳ ಸೀಳಿದ್ದರ ಬಗ್ಗೆ ಹೇಳುತ್ತೇನೆ. ಬರೀ ಕೆರೆಮಣ್ಣು ಈ ಕೆಲಸಕ್ಕೆ ತಡೆಯಲ್ಲ. 700ರಿಂದ ಬಯಲಿಗೆ ಬಂದ ಮಡಕೆ ಕೆಲವೇ ನಿಮಿಷದಲ್ಲಿ 300 ಡಿಗ್ರಿ ಇಳಿಯುತ್ತದೆ. ಮಣ್ಣಿನಲ್ಲಿರುವ ಮರಳಿನ ಕಣ 573 ಡಿಗ್ರಿಯಲ್ಲಿ ಗಾತ್ರ ಬದಲಿಸುತ್ತದೆ. ದಪ್ಪ ಇರುವ ತಳ ನಿಧಾನ, ತೆಳುವಾದ ಗೋಡೆ ಬೇಗ. ಎಳೆದಾಟ ಆಗುವುದು ಅವೆರಡೂ ಕೂಡುವ ಮೂಲೆಯಲ್ಲಿ, ಸೀಳು ಬರುವುದೂ ಅಲ್ಲೇ.

ಹಳೇ ಒಡೆದ ಗಡಿಗೆ, ಹೆಂಚು ಕುಟ್ಟಿ ಜರಡಿ ಹಿಡಿದು ಆ ಪುಡಿಯನ್ನು ಒಣ ಮಣ್ಣಿನ ತೂಕಕ್ಕೆ ನೂರಕ್ಕೆ 20ರಿಂದ 25ರಷ್ಟು ಸೇರಿಸಿ. ಪುಡಿ ಸಣ್ಣ ರವೆಯಷ್ಟಿರಲಿ. ಹಿಟ್ಟಿನಷ್ಟು ನುಣ್ಣಗಾದರೆ ಪ್ರಯೋಜನವಿಲ್ಲ, ದಪ್ಪ ರವೆ ಆದರೆ ಮೇಲ್ಮೈ ಉಜ್ಜುವಾಗ ಗೀರು ಬೀಳುತ್ತದೆ. ಇದು ಒಮ್ಮೆ ಸುಟ್ಟು ತಣಿದ ಮಣ್ಣು, ಮತ್ತೆ ಕುಗ್ಗುವುದಿಲ್ಲ, ಸಣ್ಣ ಬಿರುಕು ಬಂದರೂ ಕಣದ ಹತ್ತಿರ ತಡೆದು ನಿಲ್ಲುತ್ತದೆ.

ಎರೆಮಣ್ಣು ಬೆರೆಸಬೇಡಿ. ಜಗಳೂರು, ಚಳ್ಳಕೆರೆ ಕಡೆ ಕೆರೆ ಹೂಳಿನಲ್ಲಿ ಎರೆ ಸೇರಿರುತ್ತದೆ, ಅದು ಒಣಗುವಾಗಲೇ ಬಾಯಿ ಬಿಡುತ್ತದೆ. ಸುಣ್ಣದ ಹರಳೂ ಇರುತ್ತವೆ. ಸ್ವಲ್ಪ ಮಣ್ಣಿಗೆ ವಿನೆಗರ್ ಹಾಕಿ ನೋಡಿ, ಬುರುಗು ಬಂದರೆ ಸುಣ್ಣ ಇದೆ. ಅಂಥದ್ದನ್ನು ಕಡ್ಡಾಯವಾಗಿ ನೀರಲ್ಲಿ ಕದಡಿ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಬೇಕು. ಬಿಟ್ಟರೆ ಸುಟ್ಟ ಹರಳು ಗಾಳಿಯ ತೇವ ಕುಡಿದು ಉಬ್ಬಿ, ವಾರ ಕಳೆದ ಮೇಲೆ ಗೆರೆ ಮಧ್ಯದಲ್ಲೇ ಚಕ್ಕೆ ಎಬ್ಬಿಸುತ್ತದೆ.

ಆಕಾರದಲ್ಲೂ ವಿಷಯ ಇದೆ. ನಮ್ಮ ನೀರಿನ ಗಡಿಗೆಯ ದುಂಡು ತಳ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮೂಲೆಯೇ ಇಲ್ಲ, ಎಲ್ಲಾ ಕಡೆ ಒಂದೇ ದಪ್ಪ. ಚಪ್ಪಟೆ ತಳ ಬೇಕೇ ಬೇಕು ಅನ್ನುವವರು ಒಳಮೂಲೆ ದುಂಡಗೆ ತಿದ್ದಿ, ತಳವನ್ನೂ ಗೋಡೆಯಷ್ಟೇ ತೆಳು ಮಾಡಿ.

ಹೊಸ ಕೈ (ಹೊಳಲ್ಕೆರೆ)

ಮಣ್ಣಿಗೆ ಲದ್ದಿ ಸೇರಿಸಿದರೆ ಮಡಕೆ ಬಿಸಿ ತಡೆಯುತ್ತದೆ ಅಂತಾರಲ್ಲ ಅಣ್ಣ?

ಕೆರೆಯಂಗಳ (ಜಗಳೂರು)

ತಡೆಯುತ್ತದೆ. ಲದ್ದಿಯ ನಾರು ಸುಟ್ಟುಹೋದ ಜಾಗದಲ್ಲಿ ಸಣ್ಣ ಖಾಲಿ ಉಳಿದು ಮಣ್ಣಿಗೆ ಹಿಗ್ಗಲು ಕುಗ್ಗಲು ಅವಕಾಶ ಆಗುತ್ತದೆ. ಒಲೆ, ತಂದೂರಿಗೆ ಒಳ್ಳೆಯದು. ಇಲ್ಲಿ ಬೇಡ, ಅದೇ ಖಾಲಿಗಳು ಮೇಲ್ಮೈಯಲ್ಲಿ ಗುಳಿಯಾಗುತ್ತವೆ. ಗುಳಿಯಲ್ಲಿ ಮಸಿ ತುಂಬಿ ಚುಕ್ಕೆ ಚುಕ್ಕೆ ಕಾಣುತ್ತದೆ.

ಕೋಟೆ ನೆರಳು (ಚಿತ್ರದುರ್ಗ)

ಲೇಪ ಮಾಡುವ ಬಗೆಯ ಮಾತು ಯಾರೂ ಎತ್ತಿಲ್ಲ. ನನ್ನ ಪ್ರಕಾರ ಗೆಲುವು ಸೋಲು ಎರಡೂ ಅಲ್ಲೇ ಇದೆ. ಸಾಮಾನ್ಯ ಬಿಳಿ ಜೇಡಿ ಕಲಸಿ ಹಚ್ಚಿದರೆ ಅದರಲ್ಲಿ ದಪ್ಪ ಕಣವೂ ಇರುತ್ತದೆ, ಎಷ್ಟು ಉಜ್ಜಿದರೂ ಹೊಳಪು ಬರಲ್ಲ. ಬೇಕಾದದ್ದು ಟೆರಾ ಸಿಜಿಲಾಟಾ, ಅಂದರೆ ಜೇಡಿಯ ಅತಿ ಸಣ್ಣ ಕಣಗಳನ್ನು ಮಾತ್ರ ತೇಲಿಸಿ ತೆಗೆದ ತೆಳು ಕೆನೆ.

1 ಲೀಟರ್ ನೀರು, 400 ಗ್ರಾಂ ಒಣಗಿದ ಬಿಳಿ ಬಾಲ್ ಕ್ಲೇ (ನುಣ್ಣನೆ ಕಣದ ಜೇಡಿ), 2 ಗ್ರಾಂ ಸೋಡಿಯಂ ಸಿಲಿಕೇಟ್ (ಜೇಡಿಯ ಕಣ ಬಿಡಿಸುವ ರಾಸಾಯನಿಕ). ಸಿಲಿಕೇಟನ್ನು ಮೊದಲು ಬಿಸಿನೀರಲ್ಲಿ ಕರಗಿಸಿ ನೀರಿಗೆ ಬೆರೆಸಿ, ಆಮೇಲೆ ಜೇಡಿ ಹಾಕಿ ಮಿಕ್ಸಿಯಲ್ಲೋ ಡ್ರಿಲ್ಲಿಗೆ ಸಿಕ್ಕಿಸಿದ ಕಡ್ಡಿಯಲ್ಲೋ ಚೆನ್ನಾಗಿ ಕಡೆಯಿರಿ. ಪಾರದರ್ಶಕ ಡಬ್ಬದಲ್ಲಿ ಹುಯ್ದು 20 ಗಂಟೆ ಅಲ್ಲಾಡಿಸದೆ ಬಿಡಿ. ಮೂರು ಪದರ ಆಗುತ್ತದೆ. ಮೇಲೆ ತಿಳಿನೀರು, ತಳದಲ್ಲಿ ಗಟ್ಟಿ ರಾಡಿ, ನಡುವೆ ಹಾಲಿನಂಥದ್ದು. ಆ ನಡುವಿನದ್ದೇ ನಮಗೆ ಬೇಕು. ಗಾರೆಯವರ ಮಟ್ಟದ ಪೈಪು ಇಳಿಬಿಟ್ಟು ಮೊದಲು ಮೇಲಿನ ನೀರು, ಆಮೇಲೆ ನಡುವಿನ ಹಾಲು ಬೇರೆ ಪಾತ್ರೆಗೆ ಎಳೆಯಿರಿ. ರಾಡಿ ಒಂದು ಚಮಚವೂ ಸೇರಬಾರದು.

100 ಮಿ.ಲೀ. ಅಳೆದು ತೂಗಿ. 112ರಿಂದ 115 ಗ್ರಾಂ ಬಂದರೆ ಸರಿ. 105 ಬಂದರೆ ಅಗಲ ತಟ್ಟೆಯಲ್ಲಿ ಹುಯ್ದು ಆರಲು ಬಿಡಿ. 120 ದಾಟಿದರೆ ನೀರು ಸೇರಿಸಿ, ಇಲ್ಲದಿದ್ದರೆ ಪೊರೆಯಾಗಿ ಎದ್ದು ಬರುತ್ತದೆ.

ಬೋಗುಣಿ (ದಾವಣಗೆರೆ)

ಇದನ್ನು ಇದೇ ಅಳತೆಯಲ್ಲಿ ಮಾಡಿದ್ದೆ ಅಕ್ಕ. ಪದರವೇ ಆಗಲಿಲ್ಲ, ಎಲ್ಲ ಮೊಸರಿನ ಹಾಗೆ ತಳಕ್ಕೆ ಕೂತಿತು.

ಕೋಟೆ ನೆರಳು (ಚಿತ್ರದುರ್ಗ)

ಬೋರ್‌ವೆಲ್ ನೀರು ಹಾಕಿದಿರಾ? ನಮ್ಮ ಎರಡೂ ಜಿಲ್ಲೆಯ ಬೋರ್ ನೀರು ಬಹುಪಾಲು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಗುಂಪು ಮಾಡುತ್ತದೆ, ಗುಂಪು ಭಾರವಾಗಿ ಮುಳುಗುತ್ತದೆ. ಸಿಲಿಕೇಟ್ ಕಣಗಳನ್ನು ಬಿಡಿಸಲು ಹೋದರೆ ನೀರೇ ಅದಕ್ಕೆ ಎದುರು ಕೆಲಸ ಮಾಡುತ್ತದೆ. ಸಿಲಿಕೇಟ್ ಜಾಸ್ತಿ ಹಾಕಿ ಗೆಲ್ಲಲು ನೋಡಬೇಡಿ, ಮಿತಿ ಮೀರಿದರೆ ಅದೂ ಹೆಪ್ಪುಗಟ್ಟಿಸುತ್ತದೆ. ಮಳೆನೀರು ಹಿಡಿದಿಡಿ, ಇಲ್ಲವಾದರೆ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ.

ಹಚ್ಚುವುದು ಪೂರ್ತಿ ಒಣಗಿದ, ಇನ್ನೂ ಸುಡದ ಮಡಕೆಗೆ. ಮೆತ್ತನೆ ಅಗಲ ಬ್ರಷ್, 3ರಿಂದ 4 ತೆಳು ಕೈ. ಪ್ರತಿ ಕೈಯ ಒದ್ದೆ ಹೊಳಪು ಆರಿದ ಮೇಲೆ ಮುಂದಿನದು. ಕೊನೆಯದು ಆರುತ್ತಿದ್ದಂತೆ ತೆಳು ಪ್ಲಾಸ್ಟಿಕ್ ಕವರನ್ನು ಹೆಬ್ಬೆರಳಿಗೆ ಬಿಗಿದು ಉಜ್ಜಿ. ಹೆಬ್ಬೆರಳ ಕೆಳಗೆ ಮಣ್ಣು ಸೀರೆಯ ಜರಿಯ ಹಾಗೆ ಹೊಳೆಯತೊಡಗುತ್ತದೆ. ಉಗುರು ತಾಗಬಾರದು. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಅಂಟಿದ ಕಡೆ ಹೊಳಪು ಮಂಕಾಗುತ್ತದೆ.

ತುಂಗಭದ್ರೆಯ ಕಲ್ಲು (ಹರಿಹರ)

ಸಿಜಿಲಾಟಾ ಇಲ್ಲದೆ ಬರೀ ಕಲ್ಲಿನಿಂದ ಉಜ್ಜಿಯೂ ಮಾಡಬಹುದು. ಹೊಳೆಯ ನುಣುಪು ಕಲ್ಲು, ಮಡಕೆ ತೊಗಲಿನ ಹದಕ್ಕೆ, ಅಂದರೆ ಅರ್ಧ ಒಣಗಿ ಗಟ್ಟಿಯಾಗುವಷ್ಟು ಆರಿದಾಗ ಸಣ್ಣ ಸುತ್ತು ಸುತ್ತಾಗಿ. ಆದರೆ ನಮ್ಮ ಮಣ್ಣು ಸುಟ್ಟಾಗ ಕೆಂಪು, ಕೆಂಪಿನ ಮೇಲೆ ಕಪ್ಪು ಗೆರೆ ಎದ್ದು ಕಾಣದು. ಬಿಳಿ ಬೇಕಾದರೆ ಅಕ್ಕಾವ್ರು ಹೇಳಿದ ದಾರಿಯೇ ಸರಿ.

ಹೊಸ ಕೈ (ಹೊಳಲ್ಕೆರೆ)

ಕೂದಲು ಎಲ್ಲಿಂದ ತರುವುದು? ಬಾಲದ್ದೋ, ಕುತ್ತಿಗೆಯದ್ದೋ? ಕುರಿ ಉಣ್ಣೆ ಆಗುತ್ತಾ? ಚಳ್ಳಕೆರೆಯಲ್ಲಿ ಬೇಕಾದಷ್ಟು ಸಿಗುತ್ತೆ.

ಇಕ್ಕಳ (ಚಿತ್ರದುರ್ಗ)

ಉಣ್ಣೆ ಕಂಬಳಿಗೇ ಇರಲಿ. ಎಳೆ ಸಣ್ಣ, ಸುರುಳಿ ಬೇರೆ, ಗೆರೆಯ ಬದಲು ಮಸುಕು ಕಲೆ ಬೀಳುತ್ತದೆ. ಬಾಲದ ಕೂದಲು ದಪ್ಪ, ಗೆರೆ ಗಟ್ಟಿ. ಕುತ್ತಿಗೆಯ ಕೇಸರ ಸಣ್ಣ, ಗೆರೆ ನವಿರು. ಎರಡೂ ಇಟ್ಟುಕೊಳ್ಳಿ. ಎಮ್ಮೆ, ದನದ ಬಾಲದ ಕುಚ್ಚಿನ ಕೂದಲೂ ಕೆಲಸ ಮಾಡುತ್ತದೆ, ಉದ್ದ ಕಡಿಮೆ ಅಷ್ಟೆ. ಕೋಳಿ ಪುಕ್ಕ ಇಟ್ಟರೆ ಇಡೀ ಗರಿಯ ಅಚ್ಚೇ ಕೂರುತ್ತದೆ, ಅದು ಚೆನ್ನ.

ಮೆರವಣಿಗೆಗೆ ಕುದುರೆ ಕೊಡುವವರ ಹತ್ತಿರ ಕೇಳಿ, ಬಾಚುವಾಗ ಬಿದ್ದದ್ದನ್ನು ಕೂಡಿಟ್ಟು ಕೊಡುತ್ತಾರೆ. ಬಾಲ ಕತ್ತರಿಸಿಕೊಂಡು ಬರಬೇಡಿ. ನೊಣ ಓಡಿಸಲು ಅದಕ್ಕಿರುವುದು ಬಾಲ ಒಂದೇ. ಒಂದು ಕುಡಿಕೆಗೆ 15ರಿಂದ 20 ಎಳೆ ಸಾಕು, ಬಾಚಣಿಗೆಯಲ್ಲಿ ಸಿಕ್ಕಿದ್ದೇ ವರ್ಷಕ್ಕಾಗುತ್ತದೆ. ಮದುವೆ ಕುದುರೆಯ ಬಾಲಕ್ಕೆ ಎಣ್ಣೆ, ಬಣ್ಣ ಹಚ್ಚಿರುತ್ತಾರೆ. ಅಂಟುವಾಳದ ನೀರಲ್ಲಿ ಎರಡು ಸಲ ತೊಳೆದು ಒಣಗಿಸಿ. ಎಣ್ಣೆ ಉಳಿದರೆ ಗೆರೆಯ ಪಕ್ಕ ಹಳದಿ ಕಲೆ ಹನಿಯುತ್ತದೆ. ಒಣಗಿದ ಮೇಲೆ 25-30 ಸೆಂ.ಮೀ.ಗೆ ಕತ್ತರಿಸಿ ಪೇಪರ್ ಮೇಲೆ ಒಂದೊಂದಾಗಿ ಬಿಡಿಸಿಟ್ಟಿರಬೇಕು. ಮಡಕೆ ಹೊರಗೆ ಬಂದ ಮೇಲೆ ಗಂಟು ಬಿಡಿಸಲು ಹೊತ್ತಿರುವುದಿಲ್ಲ.

ಇಡುವುದೂ ಒಂದು ಕೈಚಳಕ. ಕಬ್ಬಿಣದ ತಿರುಗುಮಣೆ ಮೇಲೆ ಸೆರಾಮಿಕ್ ಫೈಬರಿನ (ಶಾಖ ತಡೆಯುವ ನಾರಿನ ಹಾಸು) ತುಂಡು ಹಾಸಿ ಅದರ ಮೇಲೆ ಮಡಕೆ ನಿಲ್ಲಿಸಿ. ತಣ್ಣನೆ ಇಟ್ಟಿಗೆ ಮೇಲೆ ಇಟ್ಟರೆ ತಳ ಹೋಯಿತು. ಕೂದಲಿನ ಎರಡೂ ತುದಿ ಹಿಡಿದು, ಅದರ ನಡುಭಾಗ ಜೋಲುಬಿಟ್ಟು, ಮಡಕೆಯ ಹೆಗಲಿಗೆ ಮೊದಲು ತಾಗಿಸಿ. ಅಲ್ಲಿ ಕಚ್ಚಿಕೊಂಡ ಮೇಲೆ ಒಂದು ತುದಿ ಬಿಡಿ, ಅದೇ ಕೆಳಗೆ ನುಲಿದು ಇಳಿಯುತ್ತದೆ. ಕಡಿದಾದ ಗೋಡೆಗೆ ನೇರ ಇಡಲು ಹೋದರೆ ಜಾರುತ್ತದೆ. ತೊಗಲಿನ ಕೈಗವಸು ಹಾಕಿ, ತುದಿಯ ಎಳೆ ಹಿಡಿಯುವ ಎರಡು ಬೆರಳಿಗೆ ಮಾತ್ರ ತೆಳುವಾದದ್ದು. ನೈಲಾನ್ ಬಟ್ಟೆ ತೊಡಬೇಡಿ. ಎಲ್ಲಕ್ಕಿಂತ ಮುಖ್ಯ, ಖಾಲಿ ಜಾಗ ಬಿಡಿ. ಮೈತುಂಬ ಗೆರೆ ಎಳೆದ ಮಡಕೆಯಲ್ಲಿ ಒಂದು ಗೆರೆಯೂ ಕಾಣಿಸುವುದಿಲ್ಲ.

ಕೆರೆಯಂಗಳ (ಜಗಳೂರು)

ಗೂಡಿನ ಬಗ್ಗೆ ಎರಡು ಮಾತು. ಕಬ್ಬಿಣದ ಜಾಲರಿ ಸುತ್ತಿ ಒಳಗೆ 25 ಮಿ.ಮೀ. ಫೈಬರ್ ಕಂಬಳಿ ಕಟ್ಟಿದ, 50 ಸೆಂ.ಮೀ. ಅಗಲ, 60 ಎತ್ತರದ ಕೊಳವೆ ಸಾಕು. ಮೇಲೆ 10 ಸೆಂ.ಮೀ. ಹೊಗೆ ಕಿಂಡಿ. ಬರ್ನರ್ ಜ್ವಾಲೆ ನೇರ ಮಡಕೆಗೆ ಬಡಿಯಬಾರದು, ನಡುವೆ ಅರ್ಧ ಇಟ್ಟಿಗೆ ನಿಲ್ಲಿಸಿ. ಮೊದಲ ಮಡಕೆಗೆ 650ರಿಂದ 700 ಮುಟ್ಟಲು ಮುಕ್ಕಾಲು ಗಂಟೆಯಾದರೂ ಕೊಡಿ. ಮುಂದಿನವನ್ನು ಗೂಡಿನ ಪಕ್ಕ ಬೆಚ್ಚಗೆ ಇಟ್ಟಿರಿ. 19 ಕೆ.ಜಿ. ಕಮರ್ಷಿಯಲ್ ಸಿಲಿಂಡರ್ ತನ್ನಿ, ಮನೆಯದ್ದು ಇದಕ್ಕೆ ಬಳಸುವಂತಿಲ್ಲ. ಗೂಡಿನಿಂದ 3 ಮೀಟರ್ ದೂರ ಇರಲಿ. ಫೈಬರ್ ಕತ್ತರಿಸುವಾಗ ಎನ್-95 ಮಾಸ್ಕ್ ಹಾಕಲೇಬೇಕು, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ವಿದ್ಯುತ್ ಗೂಡಿನಿಂದ ಬಿಸಿ ಮಡಕೆ ತೆಗೆಯುವವರು ಮೇನ್ ಸ್ವಿಚ್ ಆರಿಸದೆ ಇಕ್ಕಳ ಒಳಗೆ ಹಾಕಬೇಡಿ.

ಬೋಗುಣಿ (ದಾವಣಗೆರೆ)

ಕೆಲವು ಚಿತ್ರಗಳಲ್ಲಿ ಗೆರೆಯ ಜೊತೆ ಕಿತ್ತಳೆ, ತುಕ್ಕು ಬಣ್ಣ ಕಾಣುತ್ತದೆ. ಅದು ಹೇಗೆ? ಇದಕ್ಕೆ ರಾಕು ಅಂತಲೂ ಬರೆದಿರುತ್ತಾರೆ.

ಕೋಟೆ ನೆರಳು (ಚಿತ್ರದುರ್ಗ)

ಕಿತ್ತಳೆ ಬರುವುದು ಫೆರಿಕ್ ಕ್ಲೋರೈಡ್ ದ್ರಾವಣ ಸಿಂಪಡಿಸಿದಾಗ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯಲು ಮಾರುತ್ತಾರಲ್ಲ, ಅದೇ. ಕಾದ ಮಡಕೆಗೆ ತಾಗಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ಬಟ್ಟೆ ಮಾಸ್ಕ್, ಎನ್-95 ಎರಡೂ ಅದನ್ನು ತಡೆಯುವುದಿಲ್ಲ. ಆಮ್ಲದ ಅನಿಲಕ್ಕೆಂದೇ ಇರುವ ಕಾರ್ಟ್ರಿಜ್ ಮಾಸ್ಕ್, ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಇದಕ್ಕೆ ಕೈ ಹಾಕಬೇಡಿ, ಮಕ್ಕಳಿರುವ ಅಂಗಳದಲ್ಲಂತೂ ಬೇಡವೇ ಬೇಡ. ಅದರ ಬದಲು ಸಕ್ಕರೆ ಉದುರಿಸಿ, ಅದು ಕರಗಿ ಕಪ್ಪು ಚುಕ್ಕೆ, ಹನಿ ಮೂಡಿಸುತ್ತದೆ. ವಿಷವೂ ಅಲ್ಲ.

ರಾಕು ಅಂದರೆ ಮಡಕೆ ಸುಡುವ ಒಂದು ಪದ್ಧತಿ. ಅದು ಹುಟ್ಟಿದ್ದು 16ನೇ ಶತಮಾನದಲ್ಲಿ, ಜಪಾನಿನ ಕ್ಯೋಟೋದಲ್ಲಿ, ಚಹಾ ಬಟ್ಟಲಿಗಾಗಿ. ಅದಕ್ಕೆ ಗಾಜಿನ ಹೊಳಪು ಲೇಪ ಇರುತ್ತದೆ. ಬಿಸಿ ಇರುವಾಗಲೇ ಗೂಡಿನಿಂದ ಎಳೆಯುವುದು ಇವೆರಡಕ್ಕೂ ಸಮಾನ, ಅದಕ್ಕೇ ಹೆಸರು ಅಂಟಿಕೊಂಡಿದೆ. ಕುದುರೆ ಕೂದಲಿನ ಕೆಲಸಕ್ಕೆ ಹೆಸರಾದವರು ಅಮೆರಿಕದ ನ್ಯೂ ಮೆಕ್ಸಿಕೊ ಕಡೆಯ ಆಕೊಮಾ ಮತ್ತು ನವಾಹೊ ಮೂಲನಿವಾಸಿ ಕುಂಬಾರರು. ಮಾರುವಾಗ ಆ ಹೆಸರು ಹೇಳುವುದು ಮರ್ಯಾದೆ.

ಹಾಗಂತ ಮಸಿಯಿಂದ ಮಡಕೆಗೆ ಬಣ್ಣ ಕೊಡುವುದು ನಮಗೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳು ಸಿಕ್ಕವು. ಒಳಗೆ ಮತ್ತು ಬಾಯಿಯ ಸುತ್ತ ಕಪ್ಪು, ಕೆಳಗೆ ಕೆಂಪು. ಗಾಳಿ ಸಿಗದ ಭಾಗ ಇಂಗಾಲ ಕುಡಿದು ಕಪ್ಪಾಗಿದೆ, ಗಾಳಿ ಸಿಕ್ಕ ಭಾಗ ಕೆಂಪಾಗಿದೆ. ಉಜ್ಜಿದ ಹೊಳಪೂ ಇದೆ. ನಾವು ಒಂದು ಕೂದಲಿನ ಅಗಲದಲ್ಲಿ ಮಾಡುತ್ತಿರುವುದನ್ನು ಅವರು ಇಡೀ ಮಡಕೆಗೆ ಮಾಡಿದ್ದಾರೆ.

ಹೊಸ ಕೈ (ಹೊಳಲ್ಕೆರೆ)

ಗೆರೆ ಕೆಟ್ಟ ಮಡಕೆ ಎಸೆಯಬೇಕಾ?

ಇಕ್ಕಳ (ಚಿತ್ರದುರ್ಗ)

ಬೇಡ. ಮತ್ತೆ ಗೂಡಿಗೆ ಇಟ್ಟು ಗಾಳಿ ಧಾರಾಳ ಬಿಟ್ಟು 700 ದಾಟಿಸಿದರೆ ಇಂಗಾಲವೆಲ್ಲ ಉರಿದು ಮಡಕೆ ಮೊದಲಿನಂತೆ ಬಿಳಿ. ಇಡುವ ಮುಂಚೆ ಬೆರಳ ಗಿಣ್ಣಿನಿಂದ ತಟ್ಟಿ ನೋಡಿ, ಠಣ್ ಎಂದರೆ ಗಟ್ಟಿ, ಬೊಡ್ ಎಂದರೆ ಒಳಗೆ ಸೀಳಿದೆ. ಬೋಗುಣಿಯವರೆ, ನಿಮ್ಮ ಐದು ಕುಡಿಕೆಗೆ ಹೀಗೆ ಮಾಡಬಹುದು. ಆದರೆ 1040ಕ್ಕೆ ಹೋದ ಹೊಳಪು ಮರಳುವುದಿಲ್ಲ, ಹದ ಕಲಿಯಲು ಬಳಸಿ.

ತುಂಗಭದ್ರೆಯ ಕಲ್ಲು (ಹರಿಹರ)

ಕೊನೆ ಕೆಲಸದಲ್ಲಿ ಅವಸರ ಮಾಡಬೇಡ್ರಿ. ಕೈಗೆ ಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಒದ್ದೆ ಹತ್ತಿಬಟ್ಟೆಯಿಂದ ಬೂದಿ ಒರೆಸ್ರಿ. ಪಾತ್ರೆ ತಿಕ್ಕುವ ಹಸಿರು ನಾರು ಮುಟ್ಟಿಸಬಾರದು. ನೀರು ಆರಿದ ಮೇಲೆ ಜೇನುಮೇಣ ತೆಳುವಾಗಿ ಸವರಿ ಒಣಬಟ್ಟೆಯಿಂದ ತೀಡಿದರೆ ಕಪ್ಪು ಇನ್ನೂ ಆಳ ಕಾಣುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವುದು ಬೇಡ, ಬಿಳಿ ಹಳದಿಗೆ ತಿರುಗಿ ಕಮಟು ಹಿಡಿಯುತ್ತದೆ.

ಬೋಗುಣಿ (ದಾವಣಗೆರೆ)

ಮೇಣ ಹಚ್ಚಿದ ಮೇಲೆ ನೀರು ನಿಲ್ಲುತ್ತಾ? ಹೂವಿಡಲು ಕೇಳುತ್ತಿದ್ದಾರೆ.

ತುಂಗಭದ್ರೆಯ ಕಲ್ಲು (ಹರಿಹರ)

ನಿಲ್ಲಲ್ಲ. ಮೈಯೆಲ್ಲ ರಂಧ್ರ, ಒಂದೇ ರಾತ್ರಿಗೆ ತಳದಲ್ಲಿ ತೇವ ಬಂದು ಲೇಪದ ಮೇಲೆ ಉಪ್ಪಿನ ಬಿಳುಪು ಕೂರುತ್ತದೆ. ಊಟ, ಕುಡಿಯುವ ನೀರು ಯಾವುದಕ್ಕೂ ಇದು ಬೇಡ, ಮಾರುವಾಗ ಬಾಯಿಬಿಟ್ಟು ಹೇಳ್ರಿ. ಹೂವಿಗೆ ಬೇಕೇ ಬೇಕಂದರೆ ಕುತ್ತಿಗೆಯ ಒಳ ಅಗಲ 3 ಸೆಂ.ಮೀ. ಬಿಟ್ಟು ಮಾಡಿ, ಗಾಜಿನ ಪ್ರನಾಳ ಒಂದನ್ನು ಒಳಗೆ ಇಳಿಸಿ ಕೊಡ್ರಿ. ಅದರ ಅಂಚು ಮಡಕೆಯ ಬಾಯಿಗಿಂತ ಒಂದು ಬೆರಳು ಕೆಳಗಿರಲಿ, ಹೊರಗೆ ಕಾಣಲ್ಲ.